ಬೇಲಿಯ ಬಳ್ಳಿಯಲ್ಲಿ ಮೂಳೆಯ ಬಲ!

ತೊಗರಿ ಹೂವಿಗೆ ಬಂದು ಕಾಯಿಕೊರಕ ಕಾಣಿಸಿತೆಂದರೆ ಸಾಕು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹೊಲಗಳಲ್ಲಿ ಪಂಪು ಬೆನ್ನಿಗೇರುತ್ತದೆ. ಹೀಗೆ ಎಣ್ಣೆ ಹೊಡೆಯುವ ರೈತನ ಮೈಯೊಳಗೆ ಏನೇನು ನಡೆಯುತ್ತದೆಂದು ತಿಳಿದರೆ ಎಂಥವರೂ ಬೆರಗಾಗಬೇಕು!

ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಚರ್ಮದಿಂದಲೋ ಉಸಿರಿನಿಂದಲೋ ಒಳಹೊಕ್ಕು ಯಕೃತ್ತನ್ನು ತಲುಪುತ್ತದೆ. ಅಲ್ಲಿ ಅದರ ಅಣುವಿನಿಂದ ಒಂದೇ ಒಂದು ಗಂಧಕದ ಪರಮಾಣು ಕಳಚಿ, ಆ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ. ಅಷ್ಟಕ್ಕೇ ವಿಷ ಎಷ್ಟೋ ಪಟ್ಟು ಉಗ್ರವಾಗುತ್ತದೆ! ಅಚ್ಚರಿಯೆಂದರೆ, ಆ ಉಗ್ರ ವಿಷವನ್ನು ಒಡೆಯುವ ಪ್ಯಾರಾಆಕ್ಸೊನೇಸ್ ಕಿಣ್ವ ತಯಾರಾಗುವುದೂ ಅದೇ ಯಕೃತ್ತಿನಲ್ಲಿ. ಮೂಳೆಗೂ ಇದಕ್ಕೂ ಏನು ನಂಟು? ಬಿಸಿಲಿನಿಂದ ದಕ್ಕಿದ ಡಿ ಜೀವಸತ್ವ ಕೆಲಸಕ್ಕೆ ಸಿದ್ಧವಾಗುವ ಮೊದಲ ಹಂತವೂ ಅಲ್ಲೇ. ಯಕೃತ್ತು ತೀರಾ ಸೋತರೆ ಮೂಳೆಯೂ ಸೊರಗುತ್ತದೆ!

ಈಗ ಯಕೃತ್ತನ್ನೂ ಮೂಳೆಯನ್ನೂ ಕಾಯಬಹುದಾದ ಗಿಡಗಳ ಕಡೆ ಬನ್ನಿ. ನಮ್ಮ ಹಿರಿಯರೆಲ್ಲ ಬಲ್ಲ ಬಿಎಚ್‌ಸಿ ಕೀಟನಾಶಕ ಪುಡಿಯಿಂದ ಪುಟ್ಟ ಇಲಿಗಳ ಯಕೃತ್ತಿಗಾದ ಹಾನಿಯನ್ನು ಕಹಿ ನೆಲಬೇವು ತಗ್ಗಿಸಿತೆಂದು 2001ರ ಭಾರತೀಯ ಅಧ್ಯಯನವೊಂದು ತೋರಿಸಿತು. ಇನ್ನು ಮಂಗರವಳ್ಳಿ! ನಾಲ್ಕು ಏಣಿನ ಹಸಿರು ದಂಟು, ನಡುನಡುವೆ ಗಂಟು, ನೀರಿಲ್ಲದ ಬೇಲಿಯಲ್ಲೂ ಹಬ್ಬುವ ಹಟ. ಇದರ ಹೆಸರೇ ಸಂಸ್ಕೃತದಲ್ಲಿ ಅಸ್ಥಿಸಂಹಾರಿ. ಕರಾವಳಿಯಿಂದ ಕಾಶಿಗೆ ಹೋಗಿ ಹೆಸರಾದ ಕನ್ನಡಿಗ ಶಸ್ತ್ರವೈದ್ಯ ಡಾ. ಕೆ. ಎನ್. ಉಡುಪರು ವಿಕಿರಣಶೀಲ ಕ್ಯಾಲ್ಸಿಯಂನ ಜಾಡು ಹಿಡಿದು, ಮುರಿದ ಮೂಳೆ ಕೂಡುವುದಕ್ಕೆ ಈ ಬಳ್ಳಿ ಹೇಗೆ ನೆರವಾಗುತ್ತದೆಂದು 1960ರ ದಶಕದಲ್ಲೇ ಪ್ರಯೋಗಪ್ರಾಣಿಗಳಲ್ಲಿ ಪರೀಕ್ಷಿಸಿದ್ದರು. ಅಂಡಾಶಯ ತೆಗೆದ ಇಲಿಗಳಲ್ಲಿ ಮೂಳೆ ಸವೆತವನ್ನೂ ಇದರ ಸಾರ ತಡೆದದ್ದು ಮುಂದೆ ವರದಿಯಾಯಿತು.

ಆದರೆ ಇಲಿ ಬೇರೆ, ಹೊಲದಲ್ಲಿ ದುಡಿಯುವ ಮನುಷ್ಯ ಬೇರೆ. ಗಿಡಮೂಲಿಕೆಯೆಂದರೆ ನಿರಪಾಯವೆಂದೂ ಅಲ್ಲ: ಅಮೃತಬಳ್ಳಿಯ ಕಷಾಯ ಕುಡಿದವರಲ್ಲೇ ಯಕೃತ್ತು ಕೆಟ್ಟ ಪ್ರಕರಣಗಳು ಕೋವಿಡ್ ಕಾಲದಲ್ಲಿ ಮುಂಬೈನಿಂದ ವರದಿಯಾಗಿವೆ. ಯಾವ ಗಿಡ, ಎಷ್ಟು ಪ್ರಮಾಣ, ಎಷ್ಟು ದಿನ ಎಂಬುದು ಮನುಷ್ಯರ ಮೇಲಿನ ಶಿಸ್ತಿನ ಪರೀಕ್ಷೆಯಿಂದಲೇ ತೀರ್ಮಾನವಾಗಬೇಕು. ಆ ಪರೀಕ್ಷೆ ಈ ನಾಲ್ಕು ತಾಲ್ಲೂಕುಗಳ ರೈತರ ನಡುವೆಯೇ ನಡೆಯಲಿ. ವಿಷದ ಭಾರ ಹೊರುವವರು ಅವರೇ, ಔಷಧದ ಮೊದಲ ಹಕ್ಕೂ ಅವರದೇ!

ಅಲ್ಲಿಯವರೆಗೆ, ರೈತ ಬಂಧುಗಳೇ, ಗಾಳಿಗೆದುರಾಗಿ ಎಣ್ಣೆ ಹೊಡೆಯಬೇಡಿ. ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಬಿಡಬೇಡಿ. ಕೆಲಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ ಮಾಡಿ. ಕಣ್ಣು ಮಂಜಾಗಿ, ಬಾಯಲ್ಲಿ ಜೊಲ್ಲು ಸುರಿದು, ವಾಂತಿಯಾದರೆ ಸೊಪ್ಪು ಅರೆಯುತ್ತ ಹೊತ್ತು ಕಳೆಯಬೇಡಿ. ಕೀಟನಾಶಕದ ಡಬ್ಬಿ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ.