ಏಳು ಪುಟಗಳ ಮತಪತ್ರ

ಅಫ್ಗಾನಿಸ್ತಾನದಲ್ಲಿ 2005ರ ಸೆಪ್ಟೆಂಬರ್ 18ರಂದು ನಡೆದ ಸಂಸತ್ ಚುನಾವಣೆಯ ಕುರಿತ ಬರಹಗಳಲ್ಲಿ ಬೆದರಿಕೆ, ಭದ್ರತೆ ಮತ್ತು ಯುದ್ಧನಾಯಕರ ಪ್ರಾಬಲ್ಯದ ಚರ್ಚೆಯೇ ಹೆಚ್ಚು. ಆದರೆ ಆ ಚುನಾವಣೆಯ ನಿಜವಾದ ತೊಡಕು ಕಾಬೂಲ್ ಪ್ರಾಂತ್ಯದ ಮತಪತ್ರವನ್ನು ಬಿಡಿಸಿದರೆ ಕಣ್ಣೆದುರೇ ಕಾಣುತ್ತದೆ. ದೊಡ್ಡ ಹಾಳೆಗಳ ಏಳು ಪುಟಗಳಲ್ಲಿ ಸುಮಾರು 390 ಅಭ್ಯರ್ಥಿಗಳ ಹೆಸರು, ಭಾವಚಿತ್ರ ಮತ್ತು ಚಿಹ್ನೆಗಳು ಸಾಲುಸಾಲಾಗಿ ಅಚ್ಚಾಗಿದ್ದವು. ಅಲ್ಲಿಂದ ಆರಿಸಿ ಬರಬೇಕಾದವರು 33 ಮಂದಿಯಾದರೂ ಮತದಾರರು ಗುರುತು ಹಾಕಬಹುದಾಗಿದ್ದುದು ಒಬ್ಬರಿಗೆ ಮಾತ್ರ.

1969ರ ನಂತರ ಆ ದೇಶ ಸಂಸತ್ತಿಗಾಗಿ ಇಂಥ ಮುಕ್ತ ಸ್ಪರ್ಧೆಯನ್ನು ಕಂಡಿರಲಿಲ್ಲ. 1973ರಲ್ಲಿ ದಾವೂದ್ ಖಾನ್ ಅಧಿಕಾರ ಕಿತ್ತುಕೊಂಡದ್ದು, ಸೋವಿಯತ್ ಆಕ್ರಮಣ, ಮುಜಾಹಿದೀನ್ ಬಣಗಳ ಒಳಜಗಳ ಮತ್ತು ತಾಲಿಬಾನ್ ಆಳ್ವಿಕೆಯ ಕಥೆ ಓದುಗರಿಗೆ ಹೊಸದಲ್ಲ. 2004ರ ಸಂವಿಧಾನವು ವೊಲೆಸಿ ಜಿರ್ಗಾ ಎಂಬ ಕೆಳಮನೆಯನ್ನೂ ಮೆಶ್ರಾನೊ ಜಿರ್ಗಾ ಎಂಬ ಹಿರಿಯರ ಮನೆಯನ್ನೂ ರೂಪಿಸಿತು. ಕೆಳಮನೆಯ 249 ಸ್ಥಾನಗಳಲ್ಲಿ 68 ಮಹಿಳೆಯರಿಗೆ ಮೀಸಲಾಗಿದ್ದವು. ಕುಚಿ ಎಂದು ಕರೆಯಲಾಗುವ ಅಲೆಮಾರಿ ಪಶುಪಾಲಕರಿಗೆ 10 ಸ್ಥಾನಗಳಿದ್ದವು.

ಕಾಬೂಲಿನ ಆ ಮತಪತ್ರದ ಚಿಹ್ನೆಗಳನ್ನು ಎಷ್ಟು ಹೊತ್ತು ನೋಡಿದರೂ ದಣಿವಾಗುವುದಿಲ್ಲ. ಭಾರತದ ಓದುಗರಿಗೆ ಚುನಾವಣಾ ಚಿಹ್ನೆಯೆಂದರೆ ಪಕ್ಷದ ಗುರುತು, ತಲೆಮಾರುಗಳಿಂದ ಗೋಡೆಗಳ ಮೇಲೆ ಕಂಡ ಚಿತ್ರ. ಅಫ್ಗಾನಿಸ್ತಾನದಲ್ಲಿ ಅದು ಪಕ್ಷದ್ದಾಗಿರಲಿಲ್ಲ. ಅಭ್ಯರ್ಥಿಗೆ ಆ ಒಂದು ಚುನಾವಣೆಯ ಮಟ್ಟಿಗೆ ಸಿಕ್ಕ ಚಿತ್ರವಾಗಿತ್ತು. ಅಭ್ಯರ್ಥಿಗಳ ಸಂಖ್ಯೆಗೆ ಚಿತ್ರಗಳು ಸಾಲದಾದಾಗ ಅದೇ ಚಿತ್ರವನ್ನು ಎರಡೆರಡು, ಮೂರುಮೂರು ಬಾರಿ ಅಚ್ಚು ಹಾಕಲಾಯಿತು. ಹೀಗಾಗಿ ಒಂದು ಒಂಟೆಯ ಅಭ್ಯರ್ಥಿ ಬೇರೆ, ಎರಡು ಒಂಟೆಗಳ ಅಭ್ಯರ್ಥಿ ಬೇರೆ. ಅಕ್ಷರ ಬಾರದ ಮತದಾರಳೊಬ್ಬಳು ಮರೆಯ ಹಿಂದೆ ನಿಂತು, ಪುಟದ ಮೇಲೆ ಪುಟ ಮಗುಚಿ, ತನಗೆ ಬೇಕಾದ ಮುಖವನ್ನು ಹುಡುಕಿ, ಚಿತ್ರಗಳನ್ನು ಎಣಿಸಿ ಗುರುತು ಹಾಕಬೇಕಾಗಿತ್ತು. ಸುಮಾರು 64 ಲಕ್ಷ ಜನ ಮತ ಹಾಕಿದರು. ನೋಂದಾಯಿತರಲ್ಲಿ ಇದು ಅರ್ಧದಷ್ಟೇ ಎಂದು ಹಗುರವಾಗಿ ಆಡುವವರು ಈ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಪ್ಪು ಮತದಾರರದಲ್ಲ, ಕಾನೂನಿನದು. ವರ್ಗಾಯಿಸಲಾಗದ ಏಕಮತ ಎಂಬ ಪದ್ಧತಿಯಲ್ಲಿ ಇಡೀ ಪ್ರಾಂತ್ಯವೇ ಒಂದು ಕ್ಷೇತ್ರವಾಗಿ, ಹೆಚ್ಚು ಮತ ಪಡೆದವರು ಕ್ರಮವಾಗಿ ಗೆಲ್ಲುತ್ತಿದ್ದರು. ಗೆದ್ದವರ ಹೆಚ್ಚುವರಿ ಮತ ಯಾರಿಗೂ ಸಲ್ಲುತ್ತಿರಲಿಲ್ಲ. ಕಾಬೂಲಿನಲ್ಲಿ ಅಭ್ಯರ್ಥಿ ಮೊಹಮ್ಮದ್ ಮೊಹಕ್ಕಿಕ್ 52,000ಕ್ಕೂ ಹೆಚ್ಚು, ಅಂದರೆ ಶೇಕಡಾ 13ರಷ್ಟು ಮತ ಗಳಿಸಿದರು. 33 ಸ್ಥಾನಗಳ ಕ್ಷೇತ್ರದಲ್ಲಿ ಒಂದು ಸ್ಥಾನದ ಪಾಲು ಶೇಕಡಾ 3ರಷ್ಟಾಗುವುದರಿಂದ ಅದು ನಾಲ್ಕು ಸ್ಥಾನಗಳಿಗೆ ಸಾಲುವಷ್ಟಿತ್ತು, ದಕ್ಕಿದ್ದು ಒಂದೇ. ಅವರೊಂದಿಗೆ ಯೂನುಸ್ ಕಾನೂನಿ ಮತ್ತು ರಮಜಾನ್ ಬಶರ್‌ದೋಸ್ತ್ ಸೇರಿ ಪ್ರಾಂತ್ಯದ ಕಾಲುಭಾಗಕ್ಕೂ ಮೀರಿದ ಮತಗಳನ್ನು ಪಡೆದಿದ್ದರಿಂದ, ಉಳಿದ 30 ಸ್ಥಾನಗಳು ಚೂರುಚೂರಾದ ಮತಗಳಲ್ಲಿ ಹಂಚಿಹೋದವು.

ಮತಪತ್ರದಲ್ಲಿ ಪಕ್ಷದ ಹೆಸರಿಗೆ ಜಾಗವೇ ಇರಲಿಲ್ಲ. ಪಕ್ಷವೆಂದರೆ ಕಮ್ಯುನಿಸ್ಟರ ದಬ್ಬಾಳಿಕೆಯನ್ನೋ ಮುಜಾಹಿದೀನರ ಬಂದೂಕುಗಳನ್ನೋ ನೆನೆಯುತ್ತಿದ್ದ ಜನರ ಅಪನಂಬಿಕೆ ಸಹಜವೇ ಆಗಿದ್ದರೂ, ಅದನ್ನೇ ನೆಪ ಮಾಡಿಕೊಂಡು ಅಧ್ಯಕ್ಷ ಹಮೀದ್ ಕರ್ಜಾಯಿ ಈ ಪದ್ಧತಿಗೆ ಅಂಟಿಕೊಂಡದ್ದು ಸಂಸತ್ತನ್ನು ಬಿಡಿಬಿಡಿ ವ್ಯಕ್ತಿಗಳ ಗುಂಪಾಗಿಸಿತು. ಆದರೂ ಹೆರಾತ್‌ನಲ್ಲಿ ಮಹಿಳೆಯರ ವ್ಯಾಯಾಮ ಶಾಲೆ ನಡೆಸುತ್ತಿದ್ದ ಫೌಜಿಯಾ ಗೈಲಾನಿ ಪುರುಷರನ್ನೂ ಹಿಂದಿಕ್ಕಿ ಮೊದಲಿಗರಾದರು. ಯುದ್ಧನಾಯಕರನ್ನು ಬಹಿರಂಗವಾಗಿ ಖಂಡಿಸಿದ್ದ ಮಲಾಲಾಯ್ ಜೋಯಾ ಫರಾಹ್ ಪ್ರಾಂತ್ಯದಿಂದ ಆರಿಸಿ ಬಂದರು. ಡಿಸೆಂಬರ್ 19ರಂದು ಸಂಸತ್ತು ಸೇರಿದಾಗ ಜೋಯಾ ಖಂಡಿಸಿದ್ದಂಥವರೂ ಅದೇ ಸಭಾಂಗಣದಲ್ಲಿದ್ದರು.

ಏಕಮತದ ಈ ಕಾನೂನು ಮುಂದೆಯೂ ಬದಲಾಗಲಿಲ್ಲ. 2018ರ ಅಕ್ಟೋಬರ್ 20ರಂದು ಕಾಬೂಲಿನ ಅದೇ 33 ಸ್ಥಾನಗಳಿಗೆ 800ಕ್ಕೂ ಹೆಚ್ಚು ಮಂದಿ ಸ್ಪರ್ಧಿಸಿದ್ದು, ಮತದಾರರ ಕೈಗೆ ಬಂದ ಮತಪತ್ರಕ್ಕೆ 15 ಪುಟಗಳಿದ್ದವು.