ಸಂಗೀತವೂ ನಮ್ಮ ಕಿವಿಯೂ

ನಮ್ಮ ಹಿರಿಯರು ಸಂಗೀತ ಕೇಳಬೇಕಾದರೆ ಮನೆಬಿಟ್ಟು ಹೊರಡಬೇಕಾಗಿತ್ತು. ರಾಮನವಮಿಯ ಚಪ್ಪರ, ದೇವಸ್ಥಾನದ ಪ್ರಾಕಾರ, ಮದುವೆಯ ಮನೆ, ಎಲ್ಲಿ ವಿದ್ವಾಂಸರೋ ಅಲ್ಲಿಗೆ ರಸಿಕನ ಪಯಣ. ಈ ನಿಯಮವನ್ನು ಮೊದಲು ಮುರಿದುದು ಗ್ರಾಮಫೋನು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಕಂಠವನ್ನು ಮುದ್ರಿಸಿಕೊಂಡಾಗ, ಗಂಟೆಗಟ್ಟಲೆ ಹರಿಯಬೇಕಾದ ಗಾಯನವನ್ನು ತಟ್ಟೆಯ ಒಂದು ಮಗ್ಗುಲಿಗೆ, ಎಂದರೆ ಸುಮಾರು ಮೂರು ನಿಮಿಷಕ್ಕೆ, ಅಡಕಮಾಡಬೇಕಾಯಿತು. ಅವರೇ ಕಡೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ಕಾಲವಾದರು. ಯಂತ್ರವು ಕಲೆಯ ಅಳತೆಯನ್ನು ಬದಲಿಸುವುದೆಂಬುದು, ಆದುದರಿಂದ, ಇಂದಿನ ಹೊಸ ದೂರೇನೂ ಅಲ್ಲ.

ಅನಂತರ ರೇಡಿಯೋ ಬಂದಿತು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಸ್ಥಾಪಿಸಿದ ಸಂಗತಿ ವಾಚಕರಿಗೆ ತಿಳಿದದ್ದೇ. ಆ ಪೆಟ್ಟಿಗೆ ಮನೆಗೊಂದು, ಕೆಲವೆಡೆ ಬೀದಿಗೊಂದು. 1952ರ ಹೊತ್ತಿಗೆ ಸಚಿವ ಕೇಸ್ಕರರು ಚಿತ್ರಗೀತೆಗಳಿಗೆ ಕಡಿವಾಣ ಹಾಕಿದಾಗ ತರುಣರೆಲ್ಲ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಐದು ವರ್ಷಗಳ ಮೇಲೆ ವಿವಿಧಭಾರತಿ ಹುಟ್ಟಬೇಕಾಯಿತು. ಒಂದೇ ಪೆಟ್ಟಿಗೆಯ ಮುಂದೆ ತಂದೆಗೆ ತೋಡಿ ಬೇಕು, ಮಗನಿಗೆ ಸಿನಿಮಾ ಬೇಕು. ಈ ಜಗಳ ನಿತ್ಯದ್ದು. ಆದರೆ ಆ ಜಗಳದಲ್ಲಿಯೇ ಮಗನ ಕಿವಿಗೆ ತೋಡಿಯೂ, ಅಜ್ಜಿಯ ಕಿವಿಗೆ ಪಿ. ಬಿ. ಶ್ರೀನಿವಾಸರ ಕಂಠವೂ, ಅವರು ಬೇಡವೆಂದರೂ, ಇಳಿಯುತ್ತಿದ್ದುವು. ಮನೆಯ ಸಂಗೀತ ಸಂಸ್ಕಾರವೆಂದು ನಾವು ಕರೆಯುವುದರಲ್ಲಿ ಅರ್ಧದಷ್ಟು ಈ ಬಲವಂತದ ಶ್ರವಣವೇ ಇದ್ದೀತು.

ಅಂತರಜಾಲವು ಈ ಜಗಳವನ್ನು ನಿಲ್ಲಿಸಿದೆ. ಅಗ್ಗದ ಸಂಪರ್ಕವೂ ಅಗ್ಗದ ಮೊಬೈಲೂ ಬಂದ ಮೇಲೆ ಪ್ರತಿಯೊಬ್ಬನಿಗೂ ತನ್ನದೇ ಪೆಟ್ಟಿಗೆ, ತನ್ನದೇ ಕಿವಿ. ಬೆಂಗಳೂರಿನಲ್ಲಿ ನಾವು ಬಲ್ಲ ಒಂದು ಮನೆಯಲ್ಲಿ ಸಂಜೆ ಹೊಕ್ಕರೆ ನಾಲ್ಕು ಜನ ನಾಲ್ಕು ಸಂಗೀತ ಕೇಳುತ್ತಿರುತ್ತಾರೆ. ಮನೆ ಮಾತ್ರ ನಿಶ್ಶಬ್ದ!

ಇದರಿಂದ ಹೆಚ್ಚಿನ ಲಾಭ ಪಡೆದವರು ಹಿರಿಯರೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. 2020ರಲ್ಲಿ ಕೊರೋನಾ ಹಾವಳಿಯಿಂದ ಸಭಾಂಗಣಗಳು ಮುಚ್ಚಿ, ಮದರಾಸಿನ ಮ್ಯೂಸಿಕ್ ಅಕಾಡೆಮಿಯಂತಹ ಸಂಸ್ಥೆಯೂ ತನ್ನ ಡಿಸೆಂಬರ್ ಉತ್ಸವವನ್ನು ಅಂತರಜಾಲದಲ್ಲಿ ನಡೆಸಬೇಕಾಯಿತು. ಆ ಮನೆಯ ಎಂಬತ್ತು ದಾಟಿದ ಯಜಮಾನರು ಮೊಮ್ಮಗನಿಂದ ಯೂಟ್ಯೂಬಿನ ಮೊದಲ ಪಾಠ ಕಲಿತದ್ದು ಆಗಲೇ. ತಮ್ಮ ಯೌವನದಲ್ಲಿ ಕೇಳಿದ್ದ ಚೌಡಯ್ಯನವರ ಏಳು ತಂತಿಯ ಪಿಟೀಲು ಮತ್ತೆ ಕಿವಿಗೆ ಬಿದ್ದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಯಾರ ಯಾರದೋ ಬೀರುವಿನಲ್ಲಿ ಧೂಳು ಹಿಡಿದಿದ್ದ ಟೇಪುಗಳನ್ನು ರಸಿಕರು ಹೀಗೆ ಲೋಕಕ್ಕೆ ಬಿಟ್ಟುಕೊಟ್ಟಿರುವುದು ಸಣ್ಣ ಉಪಕಾರವಲ್ಲ.

ಮೊಮ್ಮಗನ ರೀತಿಯೇ ಬೇರೆ. ಸ್ಪಾಟಿಫೈಯಲ್ಲಿ ಹಾಡೊಂದನ್ನು 30 ಸೆಕೆಂಡಾದರೂ ಕೇಳಿದರೆ ಮಾತ್ರ ಅದು ಲೆಕ್ಕಕ್ಕೆ ಬರುವುದು. ಆದಕಾರಣ ಹಾಡು ಕಟ್ಟುವವನಿಗೆ ಪೀಠಿಕೆ ಹಾಕಲು ಪುರುಸೊತ್ತಿಲ್ಲ. ಕೇಳುವವನಿಗೆ ಕಾಯುವ ತಾಳ್ಮೆಯೂ ಇಲ್ಲ. ಅಷ್ಟು ಹೊತ್ತಿನಲ್ಲಿ ನಮ್ಮ ವಿದ್ವಾಂಸರು ಶ್ರುತಿಗೆ ಕಂಠ ಕೂಡಿಸುತ್ತಿರುತ್ತಾರೆ, ರಾಗದ ಹೊಸ್ತಿಲು ದಾಟಿರುವುದಿಲ್ಲ. ಮುಂದಿನ ಹಾಡು ಯಾವುದೆಂಬುದನ್ನು ಯಂತ್ರವೇ ಗುಣಿಸಿ ಮುಂದಿಡುತ್ತದೆ; ನೆನ್ನೆ ಮೆಚ್ಚಿದುದನ್ನು ಹೋಲುವುದೇ ಇಂದೂ ಬರುವುದು ಸಾಮಾನ್ಯ. ಬೇಡದ್ದನ್ನು ಕೇಳಿಸುವ ತಂದೆಯ ಸ್ಥಾನವನ್ನು ಅದು ತುಂಬಲಾರದು. ನಮ್ಮ ಕಳವಳವಿರುವುದು ಇಲ್ಲಿಯೇ. ತರುಣರಿಗೆ ಅಭಿರುಚಿಯಿಲ್ಲವೆಂಬ ಹಳೆಯ ಗೊಣಗಾಟಕ್ಕೆ ನಾವು ಸೇರುವವರಲ್ಲ.

ಏಕೆಂದರೆ, ಈಚೆಗೆ ಒಂದು ದಿನ ಆ ಹುಡುಗ, “ಇದನ್ನು ಕೇಳು ತಾತ” ಎಂದು ತನ್ನ ಕಿವಿಯದೊಂದು ತುಣುಕನ್ನು ಕಿತ್ತು ಮುದುಕರ ಕಿವಿಗೆ ಸಿಕ್ಕಿಸಿದನು. ರಘು ದೀಕ್ಷಿತರ ತಂಡದ ಗದ್ದಲದ ಗಿಟಾರು. ಮುಖ ಸಿಂಡರಿಸಿದ ತಾತ ಎರಡು ಸಾಲು ಕೇಳಿ ಎದ್ದು ಕುಳಿತರು.

“ಯಾರು ಬರೆದದ್ದೋ ಇದು?”

“ಅವರದೇ ಇರಬೇಕು.”

“ಅಲ್ಲವಯ್ಯ, ಶಿಶುನಾಳ ಶರೀಫರದು!”

ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದಾಗ ಅವರು ಇದೇ ಪದವನ್ನು ಭಜನೆಯವರ ಬಾಯಲ್ಲಿ, ಏಕತಾರಿಯ ನಾದದೊಡನೆ ಕೇಳಿದ್ದರು. ಹುಡುಗನ ತಾಯಿಯೂ ಅಡುಗೆಮನೆಯಿಂದ ಬಂದಳು. ಅವಳು ಕಂಡ ಶರೀಫರು ಸಿ. ಅಶ್ವತ್ಥರ ಧ್ವನಿಸುರುಳಿಯವರು. ಆ ರಾತ್ರಿ ಊಟಕ್ಕೆ ಹೊತ್ತಾಯಿತು. ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರು ಮುಸಲ್ಮಾನ ಶಿಷ್ಯನನ್ನು ಮಗನಂತೆ ಕಂಡ ಕಥೆಯನ್ನು ತಾತ ಹೇಳಿದರು. ಹಾಡನ್ನು ತಂದುಕೊಟ್ಟ ಯಂತ್ರ ಅದನ್ನು ಹೇಳಿರಲಿಲ್ಲ.

ಮರುದಿನದಿಂದ ಹುಡುಗನ ಮೊಬೈಲು ಅಶ್ವತ್ಥರ ಹಾಡುಗಳನ್ನು ತಾನಾಗಿಯೇ ಸೂಚಿಸತೊಡಗಿದೆಯಂತೆ. ತಾತನದು ಮಾತ್ರ ಚೌಡಯ್ಯನವರನ್ನು ಬಿಟ್ಟು ಇನ್ನೂ ಕದಲಿಲ್ಲ.