ನೆಯ್ದಿಟ್ಟ ಕಥೆ

ಇಂಗ್ಲಿಷ್ ಲೇಖಕಿ ಡಯಾನಾ ವಿನ್ ಜೋನ್ಸರ ‘ದಿ ಸ್ಪೆಲ್‌ಕೋಟ್ಸ್’ (1979) ಕಾದಂಬರಿಯನ್ನು ನಾನು ಮೆಚ್ಚುವುದು ಅದರ ಮಾಯಾಮಂತ್ರಕ್ಕಾಗಿ ಅಲ್ಲ. ಅಲ್ಲಿ ಕಥೆ ಹೇಳುವ ಬಾಲೆ ಟನಾಕ್ವಿ ಬರೆಯುವುದಿಲ್ಲ. ಮಗ್ಗದಲ್ಲಿ ನಿಲುವಂಗಿಗಳಾಗಿ ನೆಯ್ಯುತ್ತಾಳೆ.

ತಂದೆ ಯುದ್ಧದಲ್ಲಿ ಮಡಿದಿದ್ದಾನೆ. ಅಣ್ಣ ಗಲ್ ಬುದ್ಧಿ ಕದಡಿ ಮರಳಿದ್ದಾನೆ. ಮಕ್ಕಳ ರೂಪ ಶತ್ರುಗಳದರಂತಿದೆಯೆಂದು ಊರವರೇ ಕೊಲ್ಲಹೊರಟಾಗ, ಐವರು ಒಡಹುಟ್ಟಿದವರು ನೆರೆಯೇರಿದ ಹೊಳೆಗೆ ದೋಣಿಯಿಳಿಸುತ್ತಾರೆ. ಅಂಥ ಗಳಿಗೆಯಲ್ಲೂ ಒಲೆಯ ಬಳಿಯ ಮನೆದೇವರುಗಳನ್ನು ಬಿಟ್ಟುಹೋಗುವುದಿಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು. ಆ ಮೂರ್ತಿಗಳಲ್ಲೊಬ್ಬ ಅವರ ಅಜ್ಜನೇ!

ಆದರೆ ಹೊಳೆ ಒಯ್ಯುವುದು, ನದೀಮುಖದಲ್ಲಿ ಆತ್ಮಗಳಿಗೆ ಬಲೆಯೊಡ್ಡಿದ ಮಾಂತ್ರಿಕ ಕಾಂಕ್ರೆಡಿನ್‌ನತ್ತ. ಗಲ್‌ನನ್ನು ಸೆಳೆಯುತ್ತಿರುವವನೂ ಅವನೇ. ದೋಣಿಯನ್ನು ಬರಿಯ ಆಶ್ರಯವೆನ್ನಲು ನಾನು ಹಿಂಜರಿಯುವುದು ಇದಕ್ಕಾಗಿ. ಟನಾಕ್ವಿಗೆ ತನ್ನವರು ಯಾರೆಂಬುದು ತಿಳಿಯುವುದು, ನೆಯ್ದ ಅಂಗಿಯನ್ನು ಮತ್ತೆ ಓದಿದಾಗ. ಬಂಧಿಯಾಗಿದ್ದ ಅಜ್ಜನ ಕಟ್ಟನ್ನು ಕೊನೆಗೆ ಬಿಡಿಸುವುದೂ ಆ ನೇಯ್ಗೆಯೇ.